ಜರ್ಮನ್ ಶೆಫರ್ಡ್ ಸಾಕುತ್ತೀರಾ? ಮೊದಲು ಬದುವಿನ ಕಥೆ ಕೇಳಿ

ನಮ್ಮದು ತುಮಕೂರಿನಲ್ಲಿ ತರ್ಟಿ ಫಾರ್ಟಿ ಸೈಟು. ಮನೆ ಕಟ್ಟಿ ಉಳಿದಿದ್ದು ಅಂದ್ರೆ ಸುತ್ತ ಮೂರು ಅಡಿ ಮಣ್ಣು, ಮುಂದೆ ಒಂದು ಸ್ಕೂಟರ್ ನಿಲ್ಲಿಸುವಷ್ಟು ಜಾಗ. ನಮ್ಮ ಜರ್ಮನ್ ಶೆಫರ್ಡ್ ರಾಣಿ ಬಂದು ಎಂಟು ತಿಂಗಳಾಗುವಷ್ಟರಲ್ಲಿ ಆ ಮೂರು ಅಡಿಯಲ್ಲಿ, ಕಾಂಪೌಂಡ್ ಗೋಡೆಯ ಉದ್ದಕ್ಕೂ, ಒಂದು ಕಾಲುದಾರಿ ಬಿದ್ದಿತ್ತು. ಗೇಣಗಲ. ಹುಲ್ಲೆಲ್ಲ ಸವೆದು ಮಣ್ಣು ಗಟ್ಟಿಯಾಗಿತ್ತು. ಅಮ್ಮ ನೆಟ್ಟಿದ್ದ ದೊಡ್ಡಪತ್ರೆ ಗಿಡ ಆ ದಾರಿಗೆ ಅಡ್ಡ ಇತ್ತು, ಬುಡ ಸಮೇತ ಹೋಯಿತು. ಗೇಟಿನಿಂದ ಸಂಪಿನ ತನಕ, ಸಂಪಿನಿಂದ ಹಿತ್ತಲ ಬಾಗಿಲ ತನಕ, ಮತ್ತೆ ವಾಪಸ್. ಒಂದು ಭಾನುವಾರ ಎಷ್ಟು ಸಲ ಓಡಾಡುತ್ತಾಳೆ ಅಂತ ಎಣಿಸೋಕೆ ಕೂತೆ, ನಲವತ್ತು ದಾಟಿದ ಮೇಲೆ ಬಿಟ್ಟುಬಿಟ್ಟೆ.

ನಾಯಿಗೆ ತಲೆ ಕೆಟ್ಟಿದೆ ಅಂದುಕೊಂಡು ಡಾಕ್ಟರಿಗೆ ತೋರಿಸಿದೆವು. ಅವರು ನಕ್ಕು, "ಇದು ಯಾವ ಕೆಲಸಕ್ಕೆ ಹುಟ್ಟಿದ ನಾಯಿ ಗೊತ್ತಾ?" ಅಂದರು. "ಪೊಲೀಸ್ ನಾಯಿ ಅಲ್ವಾ ಸಾರ್?" ಅಂದೆ.

ಅಲ್ಲವಂತೆ. ಹಿಂದೆ ಜರ್ಮನಿಯಲ್ಲಿ ಎಷ್ಟೋ ಕಡೆ ಕುರಿ ಮೇಯುವ ಜಾಗಕ್ಕೆ ಬೇಲಿ ಇರುತ್ತಿರಲಿಲ್ಲ. ಈ ಕಡೆ ಹುಲ್ಲು, ಆ ಕಡೆ ಯಾರದೋ ಪೈರು, ನಡುವೆ ಒಂದು ಬದುವೋ ನೇಗಿಲ ಸಾಲೋ ಅಷ್ಟೇ. ಆ ಗೆರೆಯ ಮೇಲೆ ಹಿಂದೆ ಮುಂದೆ ಓಡಾಡುತ್ತಾ, ಕುರಿ ಪೈರಿಗೆ ಬಾಯಿ ಹಾಕದ ಹಾಗೆ ನೋಡಿಕೊಳ್ಳುವುದು ಈ ನಾಯಿಯ ಕೆಲಸ. ಮಾತು ಕೇಳದ ಕುರಿ ಇದ್ದರೆ ಕತ್ತನ್ನೋ ತೊಡೆಯನ್ನೋ ಒಮ್ಮೆ ಹಿಡಿದು ಬಿಡುತ್ತಿತ್ತು, ಗಾಯ ಮಾಡದೆ. 1899ರ ಏಪ್ರಿಲ್‌ನಲ್ಲಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಅನ್ನುವ ಅಶ್ವದಳದ ಅಧಿಕಾರಿ ಒಂದು ಪ್ರದರ್ಶನದಲ್ಲಿ ಇಂಥದ್ದೊಂದು ನಾಯಿ ಕೊಂಡು, ಹೋರಾಂಡ್ ಅಂತ ಹೆಸರಿಟ್ಟು, ಅದೇ ತಿಂಗಳು ಸಂಘ ಕಟ್ಟಿದ. ಪೊಲೀಸು, ಮಿಲಿಟರಿ ಎಲ್ಲ ಆಮೇಲೆ ಬಂದಿದ್ದು. ಅಲ್ಸೇಷಿಯನ್ ಅನ್ನುವ ಹೆಸರೂ ಆಮೇಲಿನದೇ. ಮೊದಲ ಮಹಾಯುದ್ಧದ ಹೊತ್ತಿಗೆ ಇಂಗ್ಲೆಂಡಿನಲ್ಲಿ ಜರ್ಮನ್ ಅನ್ನುವ ಪದವೇ ಬೇಡವಾಗಿತ್ತು, ಅವರು ಬದಲಾಯಿಸಿದ ಹೆಸರು ನಮ್ಮ ಬಾಯಲ್ಲಿ ಇವತ್ತಿಗೂ ಉಳಿದಿದೆ.

ನಮ್ಮ ಕಡೆ ಕುರುಬರ ಮಂದೆ ಜೊತೆ ಬರುವ ನಾಯಿಗಳ ಕೆಲಸ ಬೇರೆ. ರಾತ್ರಿ ಹೊಲದಲ್ಲಿ ಮಂದೆ ನಿಲ್ಲಿಸಿದಾಗ ತೋಳ, ಚಿರತೆ, ಕಳ್ಳರು ಹತ್ತಿರ ಬರದಂತೆ ಕಾಯುವುದು. ಹಗಲು ಕುರಿ ತಿರುಗಿಸುವುದು ಹೆಚ್ಚಾಗಿ ಮನುಷ್ಯರೇ, ಕೋಲು ಹಿಡಿದು, ಬಾಯಲ್ಲಿ ಸದ್ದು ಮಾಡಿ. ಅದಕ್ಕೇ ಕುರಿ ನಾಯಿ ಅಂದ ಕೂಡಲೇ ನಮಗೆ ಕಾವಲು ನಾಯಿ ಅಂತಲೇ ಅನಿಸುತ್ತದೆ. ಜರ್ಮನ್ ಶೆಫರ್ಡ್ ತಂದು ಗೇಟಿಗೆ ಕಟ್ಟಿ ಹಾಕುತ್ತೇವೆ. ಓಡಾಡುವುದೇ ಕೆಲಸವಾದ ನಾಯಿಯನ್ನು ನಾಲ್ಕು ಅಡಿ ಚೈನಿಗೆ ಕಟ್ಟಿದರೆ ಅದು ಬೊಗಳದೆ ಇನ್ನೇನು ಮಾಡುತ್ತದೆ?

ಈ ಬದು ಒಂದನ್ನು ತಲೆಯಲ್ಲಿ ಇಟ್ಟುಕೊಂಡರೆ ನಿಮ್ಮ ನಾಯಿಯ ಅರ್ಧ ತೊಂದರೆಗಳು ಅರ್ಥ ಆಗುತ್ತವೆ. ಅಡುಗೆಮನೆಗೆ ಹೋದರೂ ಹಿಂದೆ, ಬಚ್ಚಲಿಗೆ ಹೋದರೂ ಬಾಗಿಲ ಮುಂದೆ. ಮನೆಯವರೆಲ್ಲ ಒಂದೇ ರೂಮಿನಲ್ಲಿ ಕೂತರೆ ಮಾತ್ರ ನೆಮ್ಮದಿಯಾಗಿ ಮಲಗುತ್ತದೆ. ಯಾರಾದರೂ ಎದ್ದು ಹೊರಟರೆ ಮಂದೆ ಚದುರಿತು ಅಂತ ಇದೂ ಎದ್ದು ನಿಲ್ಲುತ್ತದೆ.

ಮರಿ ತರುವಾಗ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. "ಡಬಲ್ ಕೋಟ್, ಡಬಲ್ ಬೋನ್" ಅಂತ ಮಾರುವವರ ಮಾತಿಗೆ ಮರುಳಾಗಬೇಡಿ. ಡಬಲ್ ಬೋನ್ ಅನ್ನುವುದು ಎಲ್ಲೂ ಇಲ್ಲ. ಕೂದಲು ಗಿಡ್ಡ ಇದ್ದರೂ ಉದ್ದ ಇದ್ದರೂ ಜರ್ಮನ್ ಶೆಫರ್ಡ್‌ಗೆ ಸಾಮಾನ್ಯವಾಗಿ ಒಳಗೆ ಇನ್ನೊಂದು ಪದರ ಕೂದಲು ಇರುತ್ತದೆ. 30 ದಿನದ ಮರಿ ಕೊಡುತ್ತೇವೆ ಅಂದರೆ ಬೇಡ ಅನ್ನಿ, 2017ರ ನಿಯಮದ ಪ್ರಕಾರ 8 ವಾರ ತುಂಬದ ಮರಿ ಮಾರುವ ಹಾಗಿಲ್ಲ. ನಿಯಮ ಬಿಡಿ, ಅಮ್ಮನ ಜೊತೆ, ಒಡಹುಟ್ಟಿದವುಗಳ ಜೊತೆ ಕಚ್ಚಾಡಿಕೊಂಡು ಬೆಳೆದ ಮರಿಗೆ ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಅಂತ ಗೊತ್ತಿರುತ್ತದೆ. ಬೇಗ ಬಿಡಿಸಿ ತಂದ ಮರಿಗೆ ಅದನ್ನು ನಿಮ್ಮ ಕೈ ಕಚ್ಚಿಸಿಕೊಂಡು ಕಲಿಸಬೇಕು. ತಾಯಿಯನ್ನು ತೋರಿಸಿ ಅಂತ ಕೇಳಿ. ಬೆನ್ನು ತೀರಾ ಇಳಿಜಾರಾಗಿ ಹಿಂಗಾಲು ಮಡಚಿಕೊಂಡು ನಡೆಯುತ್ತಿದ್ದರೆ ಬೇರೆ ಕಡೆ ನೋಡಿ. ಸೊಂಟದ ಕೀಲಿನ ತೊಂದರೆ ಈ ಜಾತಿಯಲ್ಲಿ ಜಾಸ್ತಿ, ತಂದೆ ತಾಯಿಯ ಸೊಂಟದ ಎಕ್ಸ್‌ರೇ ಇದೆಯಾ ಅಂತಲೂ ಕೇಳಬಹುದು.

ಮಕ್ಕಳ ಹಿಮ್ಮಡಿ

ರಾಣಿಗೆ ಹತ್ತು ತಿಂಗಳಿದ್ದಾಗ ಅಕ್ಕನ ಮಗನ ಹುಟ್ಟುಹಬ್ಬ. ಏಳೆಂಟು ಮಕ್ಕಳು ಕಿರುಚಿಕೊಂಡು ಟೆರೇಸ್ ತುಂಬ ಓಡುತ್ತಿದ್ದರು. ರಾಣಿ ಮೊದಲು ಸುಮ್ನೆ ನೋಡಿದಳು. ಆಮೇಲೆ ತಲೆ ತಗ್ಗಿಸಿ, ಬಾಲ ಇಳಿಸಿ, ಅವರ ಸುತ್ತ ದೊಡ್ಡದಾಗಿ ಸುತ್ತೋಕೆ ಶುರು ಮಾಡಿದಳು. ಸುತ್ತು ಚಿಕ್ಕದಾಗುತ್ತಾ ಬಂತು. ಮಕ್ಕಳು ಇದೇನೋ ಆಟ ಅಂತ ಇನ್ನೂ ಜೋರಾಗಿ ಓಡಿದರು. ಒಬ್ಬ ಹುಡುಗ ಗುಂಪು ಬಿಟ್ಟು ಮೆಟ್ಟಿಲ ಕಡೆ ಓಡಿದ, ಅಷ್ಟೇ, ಅವನ ಹಿಮ್ಮಡಿಗೆ ಬಾಯಿ ಹಾಕಿದಳು. ಸಾಕ್ಸ್ ಹರಿದು, ಚರ್ಮದ ಮೇಲೆ ಕೆಂಪಗೆ ಎರಡು ಗೆರೆ.

ಆ ದಿನ ಎಲ್ಲರೂ ನಾಯಿಗೆ ಬೈದರು. ಬೈಯಬೇಕಾಗಿದ್ದು ನನಗೆ. ಕಚ್ಚುವ ಮುಂಚೆ ಒಂದು ನಿಮಿಷ ಪೂರ್ತಿ ಅವಳು ಏನು ಮಾಡಲಿದ್ದಾಳೆ ಅಂತ ಮೈಯಲ್ಲೇ ಹೇಳುತ್ತಿದ್ದಳು, ನಾನು ಮೊಬೈಲಿನಲ್ಲಿ ವಿಡಿಯೋ ತೆಗೆಯುತ್ತಿದ್ದೆ. ತಲೆ ತಗ್ಗಿಸಿ, ಕಣ್ಣು ಒಂದೇ ಕಡೆ ನೆಟ್ಟು, ಸುತ್ತು ಹಾಕೋಕೆ ಶುರು ಮಾಡಿದರೆ ಆಗಲೇ ಕರೆಯಿರಿ. ಬಾಯಿ ಹಾಕಿದ ಮೇಲೆ ಹೊಡೆದು ಏನೂ ಪ್ರಯೋಜನ ಇಲ್ಲ, ಮಕ್ಕಳು ಬಂದರೆ ಏಟು ಬೀಳುತ್ತದೆ ಅಂತ ಮಾತ್ರ ಕಲಿಯುತ್ತದೆ, ಅದು ಇನ್ನೂ ಅಪಾಯ. ಇನ್ನೊಂದು ಮಾತು. ಹಲ್ಲು ತಾಗಿ ಚರ್ಮ ತರಚಿದರೂ ಸಾಕು, ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ನಮ್ಮ ನಾಯಿಗೆ ಇಂಜೆಕ್ಷನ್ ಆಗಿದೆ ಅಂತ ಸುಮ್ಮನೆ ಕೂರಬೇಡಿ.

ಮಕ್ಕಳಿಗೂ ಪಾಠ ಬೇಕು. ನಾಯಿ ಹಿಂದೆ ಬಿದ್ದರೆ ಓಡಬಾರದು, ಮರದ ಹಾಗೆ ನಿಲ್ಲಬೇಕು, ಕೈ ಎದೆ ಮೇಲೆ. ಓಡುವುದು ನಿಂತರೆ ನಾಯಿಗೂ ತಿರುಗಿಸುವ ಕೆಲಸ ಇಲ್ಲ. ಇದನ್ನು ಅಕ್ಕನ ಮಗನಿಗೆ ಸ್ಟ್ಯಾಚ್ಯೂ ಆಟದ ಹಾಗೆ ಕಲಿಸಿದೆವು, ಎರಡೇ ದಿನ ಸಾಕಾಯಿತು. ಆದರೂ ಚಿಕ್ಕ ಮಕ್ಕಳನ್ನೂ ನಾಯಿಯನ್ನೂ ಮಾತ್ರ ಬಿಟ್ಟು ಆ ಕಡೆ ಹೋಗಬೇಡಿ, ನಾಯಿ ಎಷ್ಟೇ ಒಳ್ಳೆಯದಿರಲಿ.

ಮನೆಗೊಂದು ಭಾಷೆ

ನಾನು "ಕಮ್" ಅನ್ನುತ್ತಿದ್ದೆ. ಅಮ್ಮ "ಬಾರೇ ಇಲ್ಲಿ". ಅಪ್ಪ ಬರೀ ಶಿಳ್ಳೆ. ಅಕ್ಕನ ಮಗ "ರಾಣೀ ರಾಣೀ ಕಮ್ ಕಮ್ ಕಮ್ ಹಿಯರ್". ಇವಳು ಯಾರ ಮಾತೂ ಕೇಳುವುದಿಲ್ಲ ಅಂತ ನಾಲ್ಕೂ ಜನಕ್ಕೆ ಸಿಟ್ಟು. ಕೊನೆಗೆ ಫ್ರಿಜ್ ಮೇಲೆ ಒಂದು ಚೀಟಿ ಅಂಟಿಸಿದೆವು, ಐದೇ ಪದ: ಕೂರು, ಬಾ, ಬಿಡು, ಜಾಗ, ಸಾಕು. ನಾಯಿಗೆ ಯಾವ ಭಾಷೆಯಾದರೂ ಒಂದೇ, ಮನೆಯಲ್ಲಿ ಎಲ್ಲರೂ ಅದೇ ಪದ ಹೇಳಬೇಕು ಅಷ್ಟೇ. ಅಮ್ಮನಿಗೆ ಇಂಗ್ಲಿಷ್ ಕಲಿಸುವುದಕ್ಕಿಂತ ರಾಣಿಗೆ ಕನ್ನಡ ಕಲಿಸುವುದು ಸುಲಭ ಆಯಿತು. ಒಂದು ಪದವನ್ನು ಒಂದೇ ಸಲ ಹೇಳಿ. ಕೂರು ಕೂರು ಕೂರು ಅಂದರೆ ಮೂರನೆಯದಕ್ಕೆ ಕೂತರೆ ಸಾಕು ಅಂತ ಅದು ಲೆಕ್ಕ ಹಾಕಿಕೊಳ್ಳುತ್ತದೆ.

ಐದರಲ್ಲಿ ನನ್ನ ಪ್ರಕಾರ ಎಲ್ಲಕ್ಕಿಂತ ಬೆಲೆಯುಳ್ಳದ್ದು "ಜಾಗ". ಒಂದು ಗೋಣಿಚೀಲ ಮಡಚಿ ಹಾಲಿನ ಮೂಲೆಯಲ್ಲಿ ಹಾಸಿ. ನಾಯಿ ಅದರ ಮೇಲೆ ಕಾಲಿಟ್ಟ ಕೂಡಲೇ ತಿನ್ನೋಕೆ ಒಂದು ಚೂರು. ನಾಲ್ಕೂ ಕಾಲು ಇಟ್ಟರೆ ಇನ್ನೊಂದು. ಮಲಗಿದರೆ ಎರಡು. ಅದು ತಾನಾಗಿ ಚೀಲದ ಕಡೆ ಹೋಗೋಕೆ ಶುರು ಮಾಡಿದ ಮೇಲೆ ಪದ ಸೇರಿಸಿ. ಮೊದಲು ಐದು ಸೆಕೆಂಡ್ ಕೂರಿಸಿ, ಆಮೇಲೆ ಹತ್ತು, ಆಮೇಲೆ ನೀವು ಎರಡು ಹೆಜ್ಜೆ ಹಿಂದೆ ಹೋಗಿ, ಆಮೇಲೆ ಅಡುಗೆಮನೆ ತನಕ ಹೋಗಿ ಬನ್ನಿ, ಕೊನೆಗೆ ಯಾರಾದರೂ ಬೆಲ್ ಒತ್ತಲಿ. ಬೆಲ್ ಹಂತಕ್ಕೆ ಬರೋಕೆ ನಮಗೆ ಆರು ವಾರ ಹಿಡಿಯಿತು. ನಾಯಿ ಎದ್ದು ಬಂದರೆ ಬೈಯಬೇಡಿ, ಮತ್ತೆ ಚೀಲದ ಹತ್ತಿರ ಕರೆದುಕೊಂಡು ಹೋಗಿ ಹಿಂದಿನ ಹಂತದಿಂದ ಶುರು ಮಾಡಿ. ದಿನಕ್ಕೆ ಮೂರು ಸಲ, ಸಲಕ್ಕೆ ಐದು ನಿಮಿಷ ಸಾಕು. ಚೂರು ಅಂದರೆ ಬಟಾಣಿ ಕಾಳಿನಷ್ಟು, ಬೇಯಿಸಿದ ಕೋಳಿ ಲಿವರ್ ಆದರೆ ನಾಯಿ ಏನು ಬೇಕಾದರೂ ಮಾಡುತ್ತದೆ. ಮನೆಯಲ್ಲಿ ಮಾಂಸ ಇಲ್ಲದಿದ್ದರೆ ಪನೀರ್, ಕೊಬ್ಬರಿ ಚೂರು, ಕ್ಯಾರೆಟ್ ಆಗುತ್ತದೆ.

ಗೋಣಿಚೀಲದ ಲಾಭ ಏನಂದ್ರೆ ಅದನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದು. ಊರಿಗೆ ಹೋದರೆ ಚೀಲವೂ ಬರುತ್ತದೆ, ಅಲ್ಲಿ ಹಾಸಿದರೆ ಅದೇ ಅವಳ ಜಾಗ.

ಗೇಟು ಮತ್ತು ಗಡಿ ಸುತ್ತು

ಆ ಕಾಲುದಾರಿಯನ್ನು ನಿಲ್ಲಿಸೋಕೆ ನಾವು ಹೂಕುಂಡ ಅಡ್ಡ ಇಟ್ಟೆವು, ಗದರಿದೆವು, ಕಟ್ಟಿ ಹಾಕಿದೆವು. ಕಟ್ಟಿದಾಗ ಎದುರುಮನೆಯವರು ದೂರು ಹೇಳುವಷ್ಟು ಬೊಗಳಿದಳು. ಕೆಲಸಕ್ಕೆ ಬಂದಿದ್ದು ಉಲ್ಟಾ ಉಪಾಯ. ಗಡಿ ಸುತ್ತುವುದನ್ನು ನಾವೇ ಅವಳ ಡ್ಯೂಟಿ ಮಾಡಿದೆವು. ಬೆಳಗ್ಗೆ ಎದ್ದ ಕೂಡಲೇ, ರಾತ್ರಿ ಬೀಗ ಹಾಕುವ ಮುಂಚೆ, ಹಗ್ಗ ಹಿಡಿದು ಅವಳ ಜೊತೆ ನಾನೂ ಕಾಂಪೌಂಡ್ ಪೂರ್ತಿ ಸುತ್ತುತ್ತೇನೆ. ಅವಸರ ಇಲ್ಲ, ಎಲ್ಲಿ ಮೂಸಬೇಕೋ ಮೂಸಲಿ. ಗೇಟಿನ ಹತ್ತಿರ ಬಂದಾಗ "ಸಾಕು" ಅಂದು ಒಂದು ಚೂರು ಕೊಟ್ಟು ಒಳಗೆ. ಕೆಲಸ ಮುಗಿಯಿತು ಅಂತ ಯಾರಾದರೂ ಹೇಳಬೇಕಲ್ಲ? ಕುರಿಗಾಹಿ ಇದ್ದಾಗ ಅವನು ಹೇಳುತ್ತಿದ್ದ, ನಮ್ಮ ಮನೆಯಲ್ಲಿ ಹೇಳುವವರೇ ಇರಲಿಲ್ಲ. ಓಡಾಟ ಪೂರ್ತಿ ನಿಂತಿಲ್ಲ, ನಲವತ್ತು ಇದ್ದಿದ್ದು ಆರೇಳಕ್ಕೆ ಇಳಿದಿದೆ.

ಗೇಟಿನಲ್ಲಿ ಹಾಲಿನವರಿಗೆ, ಕೊರಿಯರ್ ಹುಡುಗರಿಗೆ ಬೊಗಳುವುದಕ್ಕೆ ಒಂದು ಕಾರಣ ಇದೆ. ಅವರು ಬರುತ್ತಾರೆ, ಇದು ಬೊಗಳುತ್ತದೆ, ಅವರು ಹೋಗುತ್ತಾರೆ. ನಾನು ಬೊಗಳಿದ್ದಕ್ಕೇ ಹೋದರು ಅಂತ ದಿನಾ ಗೆಲ್ಲುತ್ತದೆ. ಗೇಟಿಗೆ ಒಂದು ತಗಡು ಬಡಿದು ರಸ್ತೆ ಕಾಣದ ಹಾಗೆ ಮಾಡಿದರೆ ಅರ್ಧ ಕಡಿಮೆ ಆಗುತ್ತದೆ. ಉಳಿದ ಅರ್ಧಕ್ಕೆ ಮೇಲೆ ಹೇಳಿದ ಗೋಣಿಚೀಲ.

ಕಾಲಿಗೂ ಕೆಲಸ, ತಲೆಗೂ ಕೆಲಸ

ದೊಡ್ಡ ನಾಯಿಗೆ ದಿನಕ್ಕೆ ಒಟ್ಟು ಒಂದೂವರೆ ಗಂಟೆ ಹೊರಗಡೆ ಬೇಕೇ ಬೇಕು. ಬೇಸಿಗೆಯಲ್ಲಿ ಬೆಳಗ್ಗೆ ಏಳರ ಒಳಗೆ, ಸಂಜೆ ಆರೂವರೆ ಮೇಲೆ. ರಸ್ತೆ ಮೇಲೆ ನಿಮ್ಮ ಹಿಂಗೈ ಐದು ಸೆಕೆಂಡ್ ಇಡೋಕೆ ಆಗದಿದ್ದರೆ ಅದರ ಪಾದವೂ ಸುಡುತ್ತದೆ. ಮರಿಗೆ ಒಂದು ವರ್ಷ ದಾಟುವ ತನಕ ಮೆಟ್ಟಿಲು ಹತ್ತಿಳಿಸುವುದು, ಎತ್ತರದಿಂದ ಹಾರಿಸುವುದು, ಬೈಕ್ ಹಿಂದೆ ಓಡಿಸುವುದು ಬೇಡ (ಬೈಕ್ ಹಿಂದೆ ಓಡಿಸುವುದು ಯಾವಾಗಲೂ ಬೇಡ). ನಮ್ಮ ಮನೆಗಳ ನುಣುಪು ಟೈಲ್ಸ್ ಸೊಂಟಕ್ಕೆ ಕೆಟ್ಟದ್ದು, ಅದು ಜಾಸ್ತಿ ಓಡಾಡುವ ಕಡೆ ರಬ್ಬರ್ ಮ್ಯಾಟೋ ನಾರಿನ ಚಾಪೆಯೋ ಹಾಕಿ.

ಬರೀ ಓಡಿಸಿದರೆ ಓಡುವ ಶಕ್ತಿ ಬೆಳೆಯುತ್ತದೆ, ಸುಸ್ತಾಗುವುದಿಲ್ಲ. ಮಳೆ ಬಂದು ಹೊರಗೆ ಹೋಗೋಕೆ ಆಗದ ದಿನ ನಾವು ಚಪ್ಪಲಿ ಆಟ ಆಡಿಸುತ್ತೇವೆ. ಅಪ್ಪನ ಒಂದು ಚಪ್ಪಲಿ ಮೂಸಿಸಿ, ಇನ್ನೊಂದನ್ನು ಮನೆಯಲ್ಲಿ ಎಲ್ಲೋ ಬಚ್ಚಿಟ್ಟು "ಹುಡುಕು" ಅನ್ನುವುದು. ಹದಿನೈದು ನಿಮಿಷ ಮೂಗಿಗೆ ಕೆಲಸ ಕೊಟ್ಟರೆ ಮಧ್ಯಾಹ್ನ ಪೂರ್ತಿ ನಿದ್ದೆ.

ಊಟ, ಕೂದಲು, ಉಣ್ಣೆ

ಬರೀ ಅನ್ನ ಮೊಸರು ಸಾಲದು. ಮೊಟ್ಟೆ, ಕೋಳಿ ಅಥವಾ ಒಳ್ಳೆಯ ಡಾಗ್ ಫುಡ್ ಬೇಕು. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ವಿಷ. ಪ್ರಸಾದದ ಒಣದ್ರಾಕ್ಷಿಯೂ ಅದೇ, ಅಜ್ಜಿಯರಿಗೆ ಇದನ್ನು ಗಟ್ಟಿಯಾಗಿ ಹೇಳಿ. ಬೇಯಿಸಿದ ಮೂಳೆ ಸೀಳಿ ಹೊಟ್ಟೆಗೆ ಚುಚ್ಚುತ್ತದೆ. ಊಟ ದಿನಕ್ಕೆ ಎರಡು ಸಲ ಹಂಚಿ ಕೊಡಿ, ಊಟ ಆದ ಮೇಲೆ ಒಂದು ಗಂಟೆ ಓಡಿಸಬೇಡಿ. ಹೊಟ್ಟೆ ಉಬ್ಬಿ, ವಾಂತಿ ಬಂದ ಹಾಗೆ ಮಾಡಿ ಏನೂ ಬರದಿದ್ದರೆ ರಾತ್ರಿ ಎರಡು ಗಂಟೆಯಾದರೂ ಡಾಕ್ಟರ ಮನೆ ಬಾಗಿಲು ತಟ್ಟಿ.

ಕೂದಲು ಉದುರುತ್ತದೆ. ಸಾರಿನಲ್ಲಿ ಸಿಗುತ್ತದೆ, ಒಪ್ಪಿಕೊಳ್ಳಿ. ಸೆಕೆ ಅಂತ ಬೋಳಿಸಬೇಡಿ, ಆ ಕೂದಲೇ ಬಿಸಿಲಿಗೆ ತಡೆ. ವಾರಕ್ಕೆ ಮೂರು ಸಲ ಬಾಚಿ. ಬಾಚುವಾಗಲೇ ಉಣ್ಣೆ ನೋಡಿ, ಅದೇ ರಕ್ತ ಹೀರುವ ಹುಳ, ಕೆಲವು ಕಡೆ ಉಣುಗು ಅಂತಾರೆ. ಕಿವಿ ಒಳಗೆ, ಬೆರಳ ಸಂದಿ, ಬಾಲದ ಬುಡ. ಉಣ್ಣೆ ಜ್ವರ ನಮ್ಮಲ್ಲಿ ತುಂಬ ನಾಯಿಗಳನ್ನು ಕೊಲ್ಲುತ್ತದೆ. ಊಟ ಬಿಟ್ಟು, ವಸಡು ಬಿಳಿಚಿಕೊಂಡು ಮಂಕಾದರೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ, ಮನುಷ್ಯರ ಜ್ವರದ ಮಾತ್ರೆ ಕೊಡಲೇಬೇಡಿ. ರೇಬಿಸ್ ಚುಚ್ಚುಮದ್ದು ಮರಿಗೆ ಮೂರು ತಿಂಗಳು ತುಂಬಿದಾಗ ಒಂದು, ಆಮೇಲೆ ಡಾಕ್ಟರ್ ಹೇಳಿದ ಹಾಗೆ ವರ್ಷ ವರ್ಷ ತಪ್ಪಿಸದೆ.

ಕೊನೆಯದಾಗಿ ದೀಪಾವಳಿ. ಎದೆಗಾರ ನಾಯಿ ಅಂತ ನಂಬಬೇಡಿ, ಸಣ್ಣ ಸದ್ದಿಗೂ ಎಚ್ಚರ ಇರುವ ಕಿವಿ ಅದರದ್ದು. ಸಂಜೆ ಐದರೊಳಗೆ ಹೊರಗೆ ಕರೆದುಕೊಂಡು ಹೋಗಿ ಬಂದುಬಿಡಿ, ಕತ್ತಿನ ಪಟ್ಟಿಯಲ್ಲಿ ಫೋನ್ ನಂಬರ್ ಇರಲಿ, ಗೇಟಿನ ಚಿಲಕ ಎರಡು ಸಲ ನೋಡಿ. ಕಿಟಕಿ ಮುಚ್ಚಿ, ಫ್ಯಾನು ಟಿವಿ ಹಾಕಿ. ತೀರಾ ನಡುಗುವ ನಾಯಿಯಾದರೆ ಹಬ್ಬಕ್ಕೆ ಎರಡು ವಾರ ಮುಂಚೆಯೇ ಡಾಕ್ಟರನ್ನು ಕೇಳಿ, ಮಾತ್ರೆ ಇದೆ. ರಾಣಿ ಆ ಮೂರು ರಾತ್ರಿ ಸ್ಟೋರ್ ರೂಮಿನಲ್ಲಿ ಅಕ್ಕಿ ಡಬ್ಬದ ಹಿಂದೆ ಮಲಗುತ್ತಾಳೆ. ಗೋಣಿಚೀಲವನ್ನು ನಾವು ಹಾಸಿಕೊಡುವುದಿಲ್ಲ, ಹಾಲಿನಿಂದ ತಾನೇ ಬಾಯಲ್ಲಿ ಎಳೆದುಕೊಂಡು ಹೋಗುತ್ತಾಳೆ.