ಮೆಲ್ಬರ್ನ್‌ನಲ್ಲಿ ಮನೆ ಕಟ್ಟಿಸುವ ನಮ್ಮೂರಿನವರಿಗೆ: ಬಿಸಿನೀರು, ಚಳಿ, ಸೆಕೆ

ರಜೆಗೆ ದಾವಣಗೆರೆಗೆ ಬಂದಿದ್ದೇನೆ. ಈ ಸಲ ಸಿಕ್ಕಿದವರಲ್ಲಿ ತುಂಬಾ ಜನ ಕೇಳಿದ್ದು ಒಂದೇ ವಿಷಯ. ಮಗ ಮೆಲ್ಬರ್ನ್‌ನಲ್ಲಿ ಸೈಟ್ ತಗೊಂಡಿದ್ದಾನೆ, ಬಿಲ್ಡರ್ ಹತ್ತಿರ ಸಹಿ ಹಾಕಬೇಕು, ಏನೇನು ಹಾಕಿಸಬೇಕು ಹೇಳಿ ಅಂತ. ವಿದ್ಯಾನಗರದವರೂ ಕೇಳಿದರು, ಚಿತ್ರದುರ್ಗದಿಂದ ಫೋನ್ ಮಾಡಿದವರೂ ಕೇಳಿದರು. ಅದಕ್ಕೇ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ. ಟಾರ್ನೀಟ್, ಟ್ರುಗನೀನಾ, ಕ್ರೇಗಿಬರ್ನ್ ಕಡೆ ಹೊಸ ಮನೆ ಕಟ್ಟಿಸುವವರಿಗೆ ಇದು ಬೇಕಾಗುತ್ತದೆ.

ಆಮೇಲೆ ಬದಲಾಯಿಸಲು ಆಗದ್ದಕ್ಕೆ ಮೊದಲು ದುಡ್ಡು ಹಾಕಿ. ಚಳಿ-ಸೆಕೆ ತಡೆಯಲು ಗೋಡೆಯೊಳಗೆ ತುಂಬುವ ಇನ್ಸುಲೇಷನ್, ಎರಡು ಪದರದ ಗಾಜಿನ ಕಿಟಕಿ, ಮನೆಯ ದಿಕ್ಕು. ಬಿಲ್ಡರ್ ಮಾದರಿಗೆ ಅಂತ ಕಟ್ಟಿ ತೋರಿಸುವ ಡಿಸ್‌ಪ್ಲೇ ಹೋಮ್‌ಗೆ ಹೋದರೆ ಕಣ್ಣಿಗೆ ಬೀಳುವುದು ಕಲ್ಲಿನ ಅಡುಗೆಕಟ್ಟೆ, ದೊಡ್ಡ ಲೈಟು, ಎತ್ತರದ ಬಾಗಿಲು. ಅದೆಲ್ಲ ಐದು ವರ್ಷ ಬಿಟ್ಟೂ ಮಾಡಿಸಬಹುದು. ಗೋಡೆ ಬಿಚ್ಚಿ ಇನ್ಸುಲೇಷನ್ ತುಂಬಿಸುವುದು ಯಾರಿಂದ ಆಗುತ್ತದೆ ಹೇಳಿ? ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ 2024ರ ಮೇ 1ರಿಂದ ಹೊಸ ಮನೆಗಳಿಗೆ 7 ಸ್ಟಾರ್ ಮಟ್ಟ ಕಡ್ಡಾಯ. ಇದು ಫ್ರಿಜ್ ಮೇಲೆ ಅಂಟಿಸುವ ಸ್ಟಾರ್ ಅಲ್ಲ. ಗೋಡೆ, ಚಾವಣಿ, ಕಿಟಕಿ, ದಿಕ್ಕು ಎಲ್ಲ ಸೇರಿಸಿ ಇಡೀ ಮನೆಗೆ 10ಕ್ಕೆ ಎಷ್ಟು ಅಂತ ಕೊಡುವ ಅಂಕ.

ದಿಕ್ಕಿನ ವಿಷಯದಲ್ಲಿ ನಮ್ಮವರಿಗೆ ಗೊಂದಲ ಆಗುತ್ತದೆ. ನಮ್ಮ ತಾರಸಿಗಳ ಮೇಲೆ ಸೋಲಾರ್ ದಕ್ಷಿಣಕ್ಕೆ ಮುಖ ಮಾಡಿರುತ್ತದೆ, ಅಲ್ವಾ? ಅಲ್ಲಿ ಅದು ಉತ್ತರಕ್ಕೆ ಇರಬೇಕು, ಯಾಕೆಂದರೆ ಸೂರ್ಯ ಉತ್ತರದ ಕಡೆಯಿಂದ ಹಾದು ಹೋಗುತ್ತಾನೆ. ಚಳಿಗಾಲ ಜೂನ್‌ನಿಂದ ಆಗಸ್ಟ್‌ವರೆಗೆ. ಆಗ ಉತ್ತರದ ಕಿಟಕಿಯಿಂದ ಬಿಸಿಲು ಒಳಗೆ ಬಿದ್ದರೆ ಹಗಲೆಲ್ಲ ಹೀಟರ್ ಅಷ್ಟಾಗಿ ಬೇಕಾಗುವುದಿಲ್ಲ. ವಾಸ್ತು ನೋಡುವವರು ಬಾಗಿಲು ಪೂರ್ವಕ್ಕೇ ಇಟ್ಟುಕೊಳ್ಳಿ, ಆದರೆ ಎಲ್ಲರೂ ಕೂರುವ ಹಾಲ್ ಉತ್ತರಕ್ಕೆ ಬರಲಿ. ಪಶ್ಚಿಮಕ್ಕೆ ದೊಡ್ಡ ಗಾಜು ಬೇಡವೇ ಬೇಡ. ಜನವರಿಯಲ್ಲಿ ಸಂಜೆ ಎಂಟಕ್ಕೂ ಅಲ್ಲಿ ಬಿಸಿಲಿರುತ್ತದೆ, ಅದೆಲ್ಲ ನೇರ ಒಳಗೇ ಬರುತ್ತದೆ. ಆಗಲೇ ಪ್ಲಾನ್ ಪಾಸಾಗಿದ್ದರೆ ಆ ಕಿಟಕಿಗೆ ಹೊರಗಡೆಯಿಂದ ಪರದೆ ಹಾಕಿಸಿ, ಒಳಗಿನ ಪರದೆ ಅಷ್ಟು ತಡೆಯುವುದಿಲ್ಲ.

ಇನ್ನು ಬಿಸಿನೀರು. ಇದಕ್ಕೆ ನನ್ನ ಸಲಹೆ ಹೀಟ್ ಪಂಪ್. ಗೀಸರ್‌ನಲ್ಲಿ ಕಾಯಿಲ್ ಕಾದು ನೀರು ಕಾಯುತ್ತದೆ, ಒಂದು ಯೂನಿಟ್ ಕರೆಂಟ್‌ಗೆ ಒಂದು ಯೂನಿಟ್ ಶಾಖ. ಹೀಟ್ ಪಂಪ್ ಫ್ರಿಜ್‌ನ ಹಾಗೆ ಕಂಪ್ರೆಸರ್ ಇಟ್ಟುಕೊಂಡು, ಹೊರಗಿನ ಗಾಳಿಯಲ್ಲಿರುವ ಶಾಖವನ್ನೇ ಹೀರಿ ನೀರಿಗೆ ತುಂಬುತ್ತದೆ. ಅದಕ್ಕೇ ಒಂದು ಯೂನಿಟ್‌ಗೆ ಮೂರು-ನಾಲ್ಕು ಯೂನಿಟ್‌ನಷ್ಟು ಶಾಖ ಸಿಗುತ್ತದೆ. ಚಳಿ ಜಾಸ್ತಿಯಾದರೆ ಇದು ಸ್ವಲ್ಪ ಕಡಿಮೆಯಾಗುತ್ತದೆ. ಮೆಲ್ಬರ್ನ್‌ನ ಚಳಿಗಾಲದ ಬೆಳಗ್ಗೆ ಐದಾರು ಡಿಗ್ರಿ ಇರುವುದು ಮಾಮೂಲು, ಆ ಚಳಿಯಲ್ಲಿ ಎಷ್ಟು ಚೆನ್ನಾಗಿ ಓಡುತ್ತದೆ ಅಂತ ಕೇಳಿಯೇ ಮಾಡೆಲ್ ಆರಿಸಿ.

ನಾಲ್ಕೈದು ಜನರ ಮನೆಗೆ 270-300 ಲೀಟರ್ ಟ್ಯಾಂಕ್ ಬೇಕು. ಜಾಸ್ತಿ ಅನ್ನಿಸಬಹುದು. ಬಕೆಟ್ ಸ್ನಾನಕ್ಕೆ 20 ಲೀಟರ್ ಸಾಕು, ನಿಮಿಷಕ್ಕೆ 9 ಲೀಟರ್ ಬಿಡುವ ಶವರ್ ಕೆಳಗೆ ಹತ್ತು ನಿಮಿಷ ನಿಂತರೆ 90 ಲೀಟರ್ ಹೋಗುತ್ತದೆ. ಅಲ್ಲಿನ ಬಚ್ಚಲಲ್ಲಿ ಬಕೆಟ್ ಇಡಲು ನಲ್ಲಿಯೇ ಇರುವುದಿಲ್ಲ. ಗೋಡೆಗೆ ಟೈಲ್ಸ್ ಹಾಕುವ ಮೊದಲೇ ಹೇಳಿ ಕೆಳಗೊಂದು ನಲ್ಲಿ ಬಿಡಿಸಿಕೊಳ್ಳಿ, ಊರಿಂದ ಅಪ್ಪ-ಅಮ್ಮ ಬಂದಾಗ ಅದರ ಬೆಲೆ ಗೊತ್ತಾಗುತ್ತದೆ. ಟ್ಯಾಂಕ್‌ನಲ್ಲಿ ನೀರು 60 ಡಿಗ್ರಿಗೆ ಕಾಯಬೇಕು, ಇಲ್ಲದಿದ್ದರೆ ಲೀಜಿಯೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಬಚ್ಚಲಿಗೆ ಬರುವುದು ಮಾತ್ರ 50 ಡಿಗ್ರಿ ದಾಟದಂತೆ ವಾಲ್ವ್ ಇರುತ್ತದೆ. ಹಂಡೆಯ ಕುದಿನೀರಿಗೆ ಒಗ್ಗಿಕೊಂಡ ಹಿರಿಯರು ಆ ವಾಲ್ವ್ ತೆಗೆಸು ಅಂದರೂ ತೆಗೆಸಬೇಡಿ, ಮಕ್ಕಳ ಮೈ ಸುಡುತ್ತದೆ.

ಟ್ಯಾಂಕ್ ಎಲ್ಲಿ ಕೂರುತ್ತದೆ ಅಂತ ಪ್ಲಾನ್‌ನಲ್ಲಿ ಬೆರಳಿಟ್ಟು ತೋರಿಸಲು ಹೇಳಿ. ಬಚ್ಚಲಿಂದ ದೂರ ಇದ್ದರೆ ಬಿಸಿನೀರಿನ ನಲ್ಲಿ ತಿರುಗಿಸಿ ಕಾಯುತ್ತಾ ನಿಲ್ಲಬೇಕು. ಪೈಪಿನಲ್ಲಿ ತಣ್ಣಗಾದ ನೀರೆಲ್ಲ ಮೊದಲು ಚರಂಡಿಗೆ ಹೋಗುತ್ತದೆ, ಅದನ್ನು ಕಾಯಿಸಿದ ದುಡ್ಡೂ ಅದರ ಜೊತೆಗೇ. ಮಷಿನ್ ಗುಂಯ್ ಅನ್ನುತ್ತದೆ, ಹಾಗಾಗಿ ನಿಮ್ಮ ಬೆಡ್‌ರೂಮ್ ಕಿಟಕಿಯ ಕೆಳಗೂ ಬೇಡ, ಪಕ್ಕದವರ ಕಿಟಕಿಯ ಕೆಳಗೂ ಬೇಡ.

ತಾರಸಿ ಸೋಲಾರ್ ವಾಟರ್ ಹೀಟರೇ ಸಾಕಲ್ವಾ ಅಂತ ಬಹಳ ಜನ ಕೇಳುತ್ತಾರೆ. ನಮ್ಮ ಊರಿನ ಬಿಸಿಲಿಗೆ ಅದು ಸಾಕು. ಅಲ್ಲಿ ಚಳಿಗಾಲದಲ್ಲಿ ಮೋಡ ಜಾಸ್ತಿ, ಬಿಸಿಲು ಸಾಲದಾಗ ನೀರು ಕಾಯಿಸುವ ಬೂಸ್ಟರ್ ಓಡಿಸಲೇಬೇಕಾಗುತ್ತದೆ. ಛಾವಣಿಯ ಜಾಗವನ್ನು ಕರೆಂಟ್ ಮಾಡುವ ಸೋಲಾರ್ ಪ್ಯಾನೆಲ್‌ಗೆ ಕೊಟ್ಟು, ಹೀಟ್ ಪಂಪ್‌ಗೆ ಟೈಮರ್ ಹಾಕಿ ಬೆಳಗ್ಗೆ ಹತ್ತರಿಂದ ಮೂರರವರೆಗೆ ಓಡಿಸುವುದೇ ಒಳ್ಳೆಯದು. ಉಳಿದ ಕರೆಂಟ್ ಕಂಪನಿಗೆ ಮಾರಿದರೆ ಈಗ ಸಿಗುವುದು ತೀರಾ ಕಡಿಮೆ. ನಾವೇ ಬಳಸಿಕೊಂಡರೆ ಲಾಭ.

ಮನೆ ಬೆಚ್ಚಗಿಡಲು ರಿವರ್ಸ್ ಸೈಕಲ್ ಎಸಿ ತಗೊಳ್ಳಿ. ನಮಗೆ ಎಸಿ ಅಂದರೆ ತಂಪು ಅಷ್ಟೇ, ಇದು ಚಳಿಗಾಲದಲ್ಲಿ ಬಿಸಿಗಾಳಿ ಕೊಡುತ್ತದೆ. ಇದೂ ಹೀಟ್ ಪಂಪೇ. ಅಗ್ಗಕ್ಕೆ ಸಿಗುತ್ತದೆ ಅಂತ 2400 ವಾಟ್‌ನ ಸಣ್ಣ ಫ್ಯಾನ್ ಹೀಟರ್‌ಗಳನ್ನು ರೂಮಿಗೊಂದರಂತೆ ತಂದಿಟ್ಟರೆ ಬಿಲ್ ಬಂದಾಗ ಕಷ್ಟವಾಗುತ್ತದೆ. ಚಳಿಗಾಲದಲ್ಲಿ 18-20 ಡಿಗ್ರಿಗೆ ಇಟ್ಟು ಸ್ವೆಟರ್ ಹಾಕಿಕೊಳ್ಳಿ, ಒಂದೊಂದು ಡಿಗ್ರಿ ಏರಿಸಿದಾಗಲೂ ಖರ್ಚು ಶೇಕಡಾ 5ರಿಂದ 10 ಏರುತ್ತದೆ. ಇಡೀ ಮನೆಗೆ ಡಕ್ಟ್ (ಒಂದೇ ಮಷಿನ್‌ನಿಂದ ಎಲ್ಲ ರೂಮಿಗೆ ಗಾಳಿ ಒಯ್ಯುವ ಕೊಳವೆ) ಹಾಕಿಸುವುದಾದರೆ ರೂಮ್ ರೂಮ್ ಬೇರೆ ಆಫ್ ಮಾಡುವ ಝೋನ್ ಇರಲಿ. ನಮ್ಮ ಕೂಲರ್ ತರಹದ್ದೇ ಎವಾಪರೇಟಿವ್ ಅಂತ ಒಂದನ್ನು ತೋರಿಸುತ್ತಾರೆ. ಒಣ ಸೆಕೆಗೆ ಪರವಾಗಿಲ್ಲ, ಆದರೆ ಚಳಿ ಬಂದಾಗ ಅದು ಬಿಸಿ ಕೊಡಲ್ಲ, ಮುಚ್ಚದಿದ್ದರೆ ಅದರ ಕಿಂಡಿಯಿಂದಲೇ ಮನೆಯ ಬಿಸಿ ಹೊರಗೆ ಹೋಗುತ್ತದೆ.

ಗ್ಯಾಸ್ ಬೇಡ. 2024ರ ಜನವರಿ 1ರಿಂದ ವಿಕ್ಟೋರಿಯಾದಲ್ಲಿ ಪ್ಲಾನಿಂಗ್ ಪರ್ಮಿಟ್ (ಜಾಗದ ಬಳಕೆಗೆ ಕೌನ್ಸಿಲ್ ಕೊಡುವ ಅನುಮತಿ) ಬೇಕಾದ ಹೊಸ ಮನೆಗಳಿಗೆ ಗ್ಯಾಸ್ ಸಂಪರ್ಕ ಕೊಡುವುದಿಲ್ಲ. ನಿಮಗೆ ಸಿಗುವ ಹಾಗಿದ್ದರೂ ಬಿಡಿ, ಒಂದು ದಿನ ಒಲೆ ಹಚ್ಚದಿದ್ದರೂ ದಿನದ ಬಾಡಿಗೆ ಕಟ್ಟಬೇಕು. ಇಂಡಕ್ಷನ್ ಮೇಲೆ ಕಬ್ಬಿಣದ ಹಂಚಿನಲ್ಲಿ ರೊಟ್ಟಿ ಚೆನ್ನಾಗೇ ಬೇಯುತ್ತದೆ.

ಸಬ್ಸಿಡಿ ಬಗ್ಗೆ ಎಚ್ಚರ. ವಿಕ್ಟೋರಿಯಾ ಸರ್ಕಾರದ ಬಿಸಿನೀರಿನ ರಿಬೇಟ್ ಹಳೇ ಮಷಿನ್ ಬದಲಾಯಿಸುವವರಿಗೆ. ಹೊಸ ಮನೆಗೆ ಸಿಗುವುದು ಎಸ್‌ಟಿಸಿ ಅನ್ನುವ ಕೇಂದ್ರ ಸರ್ಕಾರದ ಸರ್ಟಿಫಿಕೇಟ್‌ಗಳ ರಿಯಾಯಿತಿ. ಹೀಟ್ ಪಂಪ್‌ಗೂ ಇದೆ, ಸೋಲಾರ್‌ಗೂ ಇದೆ. ಅದು ನಿಮ್ಮ ಬೆಲೆಯಲ್ಲಿ ಕಳೆದಿದೆಯೋ ಬಿಲ್ಡರ್ ಇಟ್ಟುಕೊಂಡಿದ್ದಾನೋ ಬಾಯಿಬಿಟ್ಟು ಕೇಳಿ. ಸಹಿ ಮಾಡುವ ಮೊದಲೇ ಬೆಲೆಯಲ್ಲಿ ಏನೇನು ಸೇರಿದೆ ಅಂತ ಹೇಳುವ ಇನ್‌ಕ್ಲೂಷನ್ಸ್ ಪಟ್ಟಿಯಲ್ಲಿ ಮಾಡೆಲ್ ನಂಬರ್, ಟ್ಯಾಂಕಿನ ಲೀಟರ್, ಗಾಜಿನ ಪದರ ಎಲ್ಲ ಬರೆಸಿಕೊಳ್ಳಿ. ಸಹಿ ಆದ ಮೇಲೆ ಕೇಳಿದರೆ ಪ್ರತಿಯೊಂದಕ್ಕೂ ವೇರಿಯೇಷನ್ ಅಂತ ಬೇರೆ ದುಡ್ಡು ಕೇಳುತ್ತಾರೆ.