ಇಂಗ್ಲೆಂಡಿನಲ್ಲಿ ಅಪರಾಧಿಗೆ ಕೊಟ್ಟ ಶಿಕ್ಷೆ ಸಾಲದೆನಿಸಿದರೆ

ಗಂಭೀರ ಅಪರಾಧಗಳ ವಿಚಾರಣೆ ನಡೆಸುವ ಕ್ರೌನ್ ಕೋರ್ಟಿನ ನ್ಯಾಯಾಧೀಶರು ದರೋಡೆಗೆ 6 ವರ್ಷ, ಗಾಯಗೊಳಿಸಿದ್ದಕ್ಕೆ 2 ವರ್ಷ ಎಂದು ಓದುವಾಗ ನೊಂದವರ ಮನೆಯವರು ಬೆರಳು ಮಡಿಸಿ ಎಂಟು ಎಂದು ಎಣಿಸಿಕೊಳ್ಳುತ್ತಾರೆ. ಮರುಕ್ಷಣವೇ ‘ಕನ್‌ಕರೆಂಟ್’ ಎಂಬ ಮಾತು ಬಿದ್ದು, ಎಂಟು ಆರಕ್ಕೆ ಇಳಿಯುತ್ತದೆ.

ಶಿಕ್ಷೆಗಳು ಜೊತೆಜೊತೆಗೇ ಜಾರಿಯಾದರೆ ಅದು ಕನ್‌ಕರೆಂಟ್. ಒಂದು ಮುಗಿದ ಮೇಲೆ ಇನ್ನೊಂದು ಆರಂಭವಾದರೆ ಕನ್ಸೆಕ್ಯುಟಿವ್. ಒಂದೇ ಘಟನೆಯ ಅಪರಾಧಗಳಿಗೆ ಸಾಮಾನ್ಯವಾಗಿ ಮೊದಲನೆಯದು, ಪರಸ್ಪರ ಸಂಬಂಧವಿಲ್ಲದವುಗಳಿಗೆ ಎರಡನೆಯದು ಎನ್ನುತ್ತದೆ ಶಿಕ್ಷೆಯ ಮಾರ್ಗಸೂಚಿ ರೂಪಿಸುವ ಸಂಸ್ಥೆಯಾದ ಸೆಂಟೆನ್ಸಿಂಗ್ ಕೌನ್ಸಿಲ್. ಕನ್‌ಕರೆಂಟ್ ಎಂದಾಕ್ಷಣ ಎರಡನೆಯ ಅಪರಾಧಕ್ಕೆ ಮಾಫಿಯಿಲ್ಲ. ಒಟ್ಟು ಕೃತ್ಯದ ಗಾಂಭೀರ್ಯ ತಿಳಿಯುವಂತೆ ಮುಖ್ಯ ಶಿಕ್ಷೆಯನ್ನೇ ಹೆಚ್ಚಿಸಬೇಕು. ದರೋಡೆಯೊಂದಕ್ಕೇ ಸಲ್ಲುವ ಅವಧಿಯನ್ನು ಹಾಗೆಯೇ ಬಿಟ್ಟು, ಗಾಯವನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದರೆ ನಿಮ್ಮ ಆಕ್ಷೇಪಕ್ಕೆ ಗಟ್ಟಿ ಆಧಾರವಿದೆ.

ಭಾರತದ ಕಾನೂನಿನಲ್ಲಿ ಶಿಕ್ಷೆ ಸಾಲದೆಂದು ಮೇಲ್ಮನವಿ ಹೋಗುವ ಅಧಿಕಾರ ಇರುವುದು ಸರ್ಕಾರಕ್ಕೇ ಹೊರತು ಸಂತ್ರಸ್ತರಿಗಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿಯೂ 1988ರ ಕ್ರಿಮಿನಲ್ ಜಸ್ಟಿಸ್ ಕಾಯ್ದೆಯ ಪ್ರಕಾರ ಪ್ರಕರಣವನ್ನು ಮೇಲಿನ ನ್ಯಾಯಾಲಯವಾದ ಕೋರ್ಟ್ ಆಫ್ ಅಪೀಲಿಗೆ ಒಯ್ಯುವವರು ಸರ್ಕಾರದ ಕಾನೂನು ಅಧಿಕಾರಿಗಳಾದ ಅಟಾರ್ನಿ ಜನರಲ್ ಅಥವಾ ಸಾಲಿಸಿಟರ್ ಜನರಲ್. ಆದರೆ ಹಾಗೆ ಮಾಡಿರೆಂದು ಅವರನ್ನು ಯಾರು ಬೇಕಾದರೂ ಕೇಳಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಒಬ್ಬರ ಮನವಿಯೇ ಸಾಕು. ಸಹಿ ಸಂಗ್ರಹಿಸುತ್ತ ದಿನ ಕಳೆಯಬೇಡಿ.

ಕೊಲೆ, ಅತ್ಯಾಚಾರ, ದರೋಡೆ ಈ ವ್ಯವಸ್ಥೆಯ ವ್ಯಾಪ್ತಿಗೆ ಬರುತ್ತವೆ. ಮನೆಯಲ್ಲಿ ಯಾರೂ ಇಲ್ಲದಾಗ ಚಿನ್ನ ಕದ್ದೊಯ್ದ ಕಳ್ಳತನ ಸಾಮಾನ್ಯವಾಗಿ ಬರುವುದಿಲ್ಲ, ಮ್ಯಾಜಿಸ್ಟ್ರೇಟ್ ಕೋರ್ಟಿನ ಶಿಕ್ಷೆಯೂ ಬರುವುದಿಲ್ಲ.

ಎಲ್ಲಕ್ಕಿಂತ ಬಿಗಿಯಾದದ್ದು ಗಡುವು. ಶಿಕ್ಷೆ ಪ್ರಕಟವಾದ 28 ದಿನಗಳೊಳಗೆ ಎಂದು 1988ರ ಕಾಯ್ದೆ ಹೇಳಿದ್ದು ಪ್ರಕರಣ ಕೋರ್ಟ್ ಆಫ್ ಅಪೀಲನ್ನು ಮುಟ್ಟುವುದಕ್ಕೆ, ನಿಮ್ಮ ಮನವಿಯ ಇಮೇಲ್ ಹೊರಡುವುದಕ್ಕಲ್ಲ. ದುಃಖದಲ್ಲಿರುವ ಮನೆಗೆ ಇದು ತೀರಾ ಕಡಿಮೆ ಸಮಯವೆಂದೇ ನನ್ನ ಭಾವನೆ. ಆದ್ದರಿಂದ ಬಂಧುಗಳೋ ಸ್ನೇಹಿತರೋ ಮೊದಲ ವಾರದಲ್ಲೇ ಅಟಾರ್ನಿ ಜನರಲ್ ಕಚೇರಿಗೆ ಅಪರಾಧಿಯ ಹೆಸರು, ಕೋರ್ಟು, ದಿನಾಂಕ, ಅಪರಾಧ, ಶಿಕ್ಷೆ ಇಷ್ಟನ್ನು ಬರೆದು ಕಳುಹಿಸಲಿ.

ಶಿಕ್ಷೆ ಸ್ವಲ್ಪ ಕಡಿಮೆಯಾಯಿತೆಂಬ ಮಾತ್ರಕ್ಕೆ ಮೇಲಿನ ನ್ಯಾಯಾಲಯ ಅದನ್ನು ಬದಲಿಸುವುದಿಲ್ಲ. ಯಾವ ನ್ಯಾಯಾಧೀಶರೂ ವಿವೇಚನೆಯಿಂದ ಕೊಡಲಾಗದಷ್ಟು ಕಡಿಮೆಯಾಗಿದ್ದರೆ ಮಾತ್ರ ಹೆಚ್ಚಿಸಬಹುದು. ಇಲ್ಲವಾದರೆ ಇದ್ದ ಶಿಕ್ಷೆಯೇ ಉಳಿಯುತ್ತದೆ.