ಮುಚ್ಚಳದ ಹಿಂದೆ ಯಾರಿದ್ದಾರೆ? ಪುಟಾಣಿಗಳ ಕಥೆಗೆ ಪುಸ್ತಕ ಆರಿಸುವುದು ಹೀಗೆ

ಕಳೆದ ಮಳೆಗಾಲದಲ್ಲಿ ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಸೊಸೈಟಿಯ ಕನ್ನಡದ ಮನೆಗಳವರು ಸೇರಿ, ಮಾತು ಕಲಿಯುವ ಮಕ್ಕಳಿಗೆ ಅಂತ ಭಾನುವಾರದ ಕಥೆ ಶುರು ಮಾಡಿದೆವು. ಮೊದಲ ದಿನ ನಾನು ಜಂಬದಿಂದ ಒಯ್ದದ್ದು, ಪಟ್ಟಿ ಎಳೆದರೆ ನರಿಯ ಬಾಲ ಅಲ್ಲಾಡುವ ಪುಸ್ತಕ. ಬೆಲೆ 600 ರೂಪಾಯಿ. ಐದು ನಿಮಿಷ ಆಗಿರಲಿಲ್ಲ, ಬಾಲ ಒಂದೂವರೆ ವರ್ಷದ ಹುಡುಗನ ಮುಷ್ಟಿಯಲ್ಲಿತ್ತು, ನರಿ ನನ್ನ ಕೈಯಲ್ಲಿ. ಅವನ ಅಜ್ಜಿ ನಕ್ಕುಬಿಟ್ಟರು. "ಅಲ್ಲಮ್ಮಾ, ಎಳಿ ಅಂದ್ರಿ, ಎಳ್ದ. ಅವನ ತಪ್ಪೇನು?"

ತಪ್ಪು ನನ್ನದೇ. ಪುಸ್ತಕ ಏನೇನು ಆಟ ಆಡುತ್ತದೆ ಅಂತ ನೋಡಿ ಕೊಂಡಿದ್ದೆ. ಆಡಬೇಕಾದ್ದು ಮಗು ಅಲ್ವಾ?

ಮೊದಲು ಕೈ, ಕಣ್ಣು, ಬಾಯಿ ನೋಡಿ

ರಕ್ಷಾಪುಟದ ಮೇಲೆ ಅಚ್ಚಾದ ವಯಸ್ಸನ್ನು ಜಾಸ್ತಿ ನಂಬಬೇಡಿ. ನಿಮ್ಮ ಮಗು ಈಗ ಏನು ಮಾಡುತ್ತಿದೆ ನೋಡಿ.

ಹುಟ್ಟಿದ ಮೊದಲ ತಿಂಗಳುಗಳಲ್ಲಿ ಕೂಸಿಗೆ ಚೆನ್ನಾಗಿ ಕಾಣುವುದು ಸುಮಾರು 20ರಿಂದ 30 ಸೆಂಟಿಮೀಟರ್ ದೂರದ್ದು, ಅಂದರೆ ಹಾಲು ಕುಡಿಯುವಾಗ ಅಮ್ಮನ ಮುಖ ಇರುವಷ್ಟು. ಅದಕ್ಕೆ ಕಪ್ಪು ಬಿಳುಪಿನ ದಪ್ಪ ಗೆರೆಯ ಚಿತ್ರ ಸಾಕು. ಮಡಚಿ ಬಿಚ್ಚುವ, ನೆಲದ ಮೇಲೆ ನಿಲ್ಲುವ ಪುಸ್ತಕ ಸಿಕ್ಕರೆ ಬೋರಲು ಮಲಗಿಸಿದಾಗ ಎದುರಿಗೆ ಇಡಬಹುದು. ಆರು ತಿಂಗಳಾದ ಮೇಲೆ ಪುಸ್ತಕ ನೇರ ಬಾಯಿಗೆ. ಆಗ ತೊಳೆಯಲು ಬರುವ ಬಟ್ಟೆ ಪುಸ್ತಕ, ಇಲ್ಲವೇ ದಪ್ಪ ರಟ್ಟಿನದು. ವರ್ಷದ ಹೊತ್ತಿಗೆ ಬೆರಳು ತೋರಿಸುವ ಆಟ ಹತ್ತಿರುತ್ತದೆ. ಚಿತ್ರದ ಮೇಲಿನ ಕಾಗದದ ಮುಚ್ಚಳ ಎತ್ತಿ, ಹಿಂದೆ ಅಡಗಿದ್ದನ್ನು ನೋಡುವ ಪುಸ್ತಕಕ್ಕೆ ಇದೇ ಸರಿಯಾದ ಕಾಲ. ಎಳೆಯುವ ಪಟ್ಟಿ, ಎದ್ದು ನಿಲ್ಲುವ ಕಾಗದದ ಕೋಟೆ ಇವೆಲ್ಲ ಮೂರು ತುಂಬಿದ ಮೇಲೆ ಇರಲಿ. ನನ್ನ ನರಿಯನ್ನು ಕೇಳಿ ನೋಡಿ.

ಮೊಬೈಲ್‌ನಲ್ಲಿ ಬೆರಳಿಟ್ಟರೆ ಆನೆ ಕುಣಿಯುವ ಆ್ಯಪ್ ಪುಸ್ತಕಗಳನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಎರಡು ವರ್ಷದೊಳಗಿನ ಮಕ್ಕಳಿಗೆ ಸ್ಕ್ರೀನ್ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ.

ಅಂಗಡಿಯಲ್ಲೇ ಎಳೆದು ನೋಡಿ

ಅಂಗಡಿಯವನು ಮುಖ ಸಿಂಡರಿಸಿದರೂ ಪರವಾಗಿಲ್ಲ. ಮುಚ್ಚಳವನ್ನು ಹತ್ತು ಸಲ ಎತ್ತಿ ಹಾಕಿ. ಮಡಿಕೆಯಲ್ಲಿ ಬಿಳಿ ಗೆರೆ ಬಿದ್ದರೆ ಅದು ಒಂದು ವಾರಕ್ಕಿಂತ ಹೆಚ್ಚು ಬಾಳುವುದಿಲ್ಲ. ಮಗುವಿನ ಬೆರಳು ಹೋಗುವಷ್ಟು ಅರ್ಧಚಂದ್ರದ ಕಚ್ಚು ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಪ್ರತಿ ಸಲ ನೀವೇ ಎತ್ತಿಕೊಡಬೇಕು. ಮೂಲೆಗಳು ಗುಂಡಗಿರಲಿ. ಅಂಟಿಸಿದ ತುಪ್ಪಳ, ಗುಂಡಿ, ಮಿನುಗು ತುಂಡುಗಳನ್ನು ಉಗುರಿನಿಂದ ಕೆರೆದು ನೋಡಿ. ಮನೆಯಲ್ಲಿ ಟಾಯ್ಲೆಟ್ ಪೇಪರಿನ ಖಾಲಿ ಕೊಳವೆ ಇದ್ದರೆ ಅದೇ ಅಳತೆ: ಅದರೊಳಗೆ ತೂರುವ ಯಾವ ತುಂಡೂ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು.

ಒತ್ತಿದರೆ ಸದ್ದು ಮಾಡುವ ಪುಸ್ತಕವಾದರೆ ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇರಲೇಬೇಕು. ಪುಟ್ಟ ಗುಂಡಿಯಂಥ ಬ್ಯಾಟರಿ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಿ. ಅದು ಬಿಟ್ಟರೂ ಈ ಪುಸ್ತಕಗಳ ಮೇಲೆ ನನಗೆ ಪ್ರೀತಿ ಇಲ್ಲ. ಹಸು ತಾನೇ ಅಂಬಾ ಅಂದುಬಿಟ್ಟರೆ ಮಗು ಯಾಕೆ ಅನ್ನಬೇಕು?

ಮುಂಬೈಯವರಿಗೆ ಇನ್ನೊಂದು ಮಾತು. ಜುಲೈ ತೇವಕ್ಕೆ ಅಗ್ಗದ ರಟ್ಟು ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಪುಟದ ಅಂಚನ್ನು ಹಿಂಡಿ ನೋಡಿ, ಮೆತ್ತಗೆ ಅನ್ನಿಸಿದರೆ ಬಿಟ್ಟುಬಿಡಿ. ಕಿಂಗ್ಸ್ ಸರ್ಕಲ್‌ ಫುಟ್‌ಪಾತ್‌ನಂಥ ಕಡೆ ಹಳೆ ರಟ್ಟಿನ ಪುಸ್ತಕ ಕೊಂಡರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಬಿಸಿಲಿಗಿಟ್ಟು, ಆಮೇಲೆ ಮಗುವಿನ ಕೈಗೆ.

ಕನ್ನಡದಲ್ಲಿ ಹೇಳಲು ಬರುತ್ತದಾ?

ನನಗೆ ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಇದು. ನಮ್ಮ ಮಕ್ಕಳಿಗೆ ಲಿಫ್ಟ್‌ನಲ್ಲಿ ಮರಾಠಿ, ಪಾರ್ಕಿನಲ್ಲಿ ಹಿಂದಿ. ಕನ್ನಡ ಸಿಗುವುದು ತೊಡೆಯ ಮೇಲೆ ಮಾತ್ರ. ಅಂಗಡಿಯಲ್ಲಿ ಸಿಗುವ ರಟ್ಟಿನ ಪುಸ್ತಕಗಳೋ ಮುಕ್ಕಾಲು ಪಾಲು ಇಂಗ್ಲಿಷಿನವು. ಹಾಗಾಗಿ ನಾಲ್ಕು ಪುಟ ತೆರೆದು, ಅಚ್ಚಾದ ಸಾಲನ್ನು ಕೈಯಿಂದ ಮುಚ್ಚಿ, ಬರೀ ಚಿತ್ರ ನೋಡಿ ಅಲ್ಲೇ ಕನ್ನಡದಲ್ಲಿ ಹೇಳಿ. "ಬೆಕ್ಕು ಎಲ್ಲಿ? ಮಂಚದ ಕೆಳಗೆ ಇದೆಯಾ? ಇಲ್ಲಪ್ಪಾ! ಬಾಗಿಲ ಹಿಂದೆ?" ಹೀಗೆ ಸಲೀಸಾಗಿ ಬಂದರೆ ಕೊಳ್ಳಿ. ಇಂಗ್ಲಿಷ್ ಪ್ರಾಸವೇ ಜೀವವಾಗಿರುವ ಪುಸ್ತಕ ಕನ್ನಡಕ್ಕೆ ಬಂದ ಕೂಡಲೇ ಸಪ್ಪೆಯಾಗುತ್ತದೆ. ಉಣ್ಣುವುದು, ಸ್ನಾನ, ಅಡಗುವುದು, ತಾಚಿ ಮಾಡುವುದು ಇರುವ ಪುಸ್ತಕ ಯಾವ ಭಾಷೆಗೂ ಒಗ್ಗುತ್ತದೆ. ಅಜ್ಜಿಗೂ ಓದಲು ಸುಲಭವಾಗಲಿ ಅಂತ ನಾನು ಪ್ರತಿ ಪುಟಕ್ಕೂ ಕನ್ನಡದ ಒಂದು ಸಾಲು ಬರೆದು ಅಂಟಿಸಿದ್ದೇನೆ.

ಒಂದು ಗುಟ್ಟು: ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ನಾವು ತಡೆಯಲಾರದೆ ನಾವೇ ಉತ್ತರ ಹೇಳಿಬಿಡುತ್ತೇವೆ. ಮಗುವಿಗೆ ಬಾಯಿ ತೆರೆಯಲು ಅಷ್ಟು ಹೊತ್ತು ಬೇಕು.

ಗುಂಪಿಗೆ ಒಂದು, ತೊಡೆಗೆ ಇನ್ನೊಂದು

ಹತ್ತು ಮಕ್ಕಳ ನಡುವೆ ಒಂದೇ ಮುಚ್ಚಳ ಇಟ್ಟರೆ ಕುಸ್ತಿ ಶುರು. ಮುಟ್ಟುವ, ಎತ್ತುವ ಪುಸ್ತಕ ಮನೆಗೆ ಸರಿ. ಗುಂಪಿಗೆ ದೊಡ್ಡ ಚಿತ್ರದ, ಒಂದೇ ಸಾಲು ಮತ್ತೆ ಮತ್ತೆ ಬರುವ ಪುಸ್ತಕ ತನ್ನಿ. ಪ್ರಾಣಿಗಳ ಕೂಗು, ಚಪ್ಪಾಳೆ, "ಟಾಟಾ" ಬಂದರೆ ಎಲ್ಲರೂ ಒಟ್ಟಿಗೆ ಮಾಡಬಹುದು. ಹತ್ತು ನಿಮಿಷ ಸಾಕು. ಎದ್ದು ಓಡುವವರು ಓಡಲಿ, ಕಿವಿ ಇಲ್ಲೇ ಇರುತ್ತದೆ.

ದುಡ್ಡು ಕೊಡದೆಯೂ ಆಗುತ್ತದೆ. ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತ. ಒಂದನೇ ಹಂತದವನ್ನು, ಅಂದರೆ ತೀರಾ ಸುಲಭದವನ್ನು, ಡೌನ್‌ಲೋಡ್ ಮಾಡಿ, ಪ್ರಿಂಟ್ ತೆಗೆದು, ಹಳೆ ಫೋಟೊ ಆಲ್ಬಮ್ಮಿನ ಪ್ಲಾಸ್ಟಿಕ್ ಜೇಬುಗಳಿಗೆ ತೂರಿಸಿದರೆ ಜೊಲ್ಲಿಗೂ ಜಗ್ಗದ ಪುಸ್ತಕ ರೆಡಿ.

ನಾವು ಕೊನೆಗೆ ಒಂದನ್ನು ಮನೆಯಲ್ಲೇ ಮಾಡಿದೆವು. ಚಪ್ಪಲಿ ಡಬ್ಬಿಯ ರಟ್ಟಿನ ಮೇಲೆ ಲೋಕಲ್ ಟ್ರೈನ್ ಬರೆದು, ಐದು ಬಾಗಿಲು ಕತ್ತರಿಸಿ, ಹಿಂದಿನಿಂದ ಬಟ್ಟೆಯ ಟೇಪ್ ಹಚ್ಚಿದೆವು. ಬಾಗಿಲು ತೆರೆದರೆ ಮೀನಿನ ಬುಟ್ಟಿಯ ಮೌಶಿ, ಬಿಳಿ ಟೋಪಿಯ ಡಬ್ಬಾವಾಲಾ, ತೂಕಡಿಸುವ ಮಾಮ, ಒಂದು ಬೆಕ್ಕು. ಐದನೆಯದರ ಹಿಂದೆ ಪುಸ್ತಕ ನೋಡುವ ಮಗುವಿನದೇ ಫೋಟೊ. ನರಿಯ ಬಾಲ ಕಿತ್ತ ಹುಡುಗ ಇದನ್ನು ಇನ್ನೂ ಕಿತ್ತಿಲ್ಲ. ಈಗ ಅವನಿಗೆ ಎರಡೂವರೆ. ಪ್ರತಿ ಬಾಗಿಲಿಗೂ, ಮುಂದಿನ ಸ್ಟೇಶನ್ ಅಂತ ಮರಾಠಿಯಲ್ಲಿ ಅನೌನ್ಸ್‌ಮೆಂಟ್ ಅವನದೇ: "ಪುಢೀಲ್ ಸ್ಟೇಶನ್... ಅಜ್ಜಿ ಮನೆ!"